ಮಾಚಣ್ಣನ ಬಿಡಿ ಸ್ವರಗಳು

ಕಳೆದ ತಿಂಗಳು ಮಡಿಕೇರಿಯ ಒಂದು ಸಂಗೀತ ಶಾಲೆಯವರು ನನ್ನನ್ನು ಕರೆದಿದ್ದರು. ರೆಕಾರ್ಡಿಂಗ್‌ಗಳಲ್ಲಿ ವಾದ್ಯ ನುಡಿಸಿ ಬದುಕು ಕಟ್ಟಿಕೊಳ್ಳಬೇಕೆಂದಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕಂತೆ. ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಹಾಡಿನ ಹಿಂದೆ ಕೂತು ಪಿಟೀಲು ಕುಯ್ದವನು ನಾನು. ನನ್ನ ಬಾಯಿಯ ಮುಂದೆ ಮೈಕ್ ಇಟ್ಟು ಮಾತಾಡಿ ಎಂದವರು ಇವರೇ ಮೊದಲು. ಹೋದೆ. ಮೊದಲ ಸಾಲಿನಲ್ಲಿದ್ದ ಹುಡುಗಿ ಎದ್ದು ನಿಂತು, “ಸರ್, ಅವಕಾಶ ಸಿಗ್ಬೇಕಾದ್ರೆ ಏನ್ ಮಾಡ್ಬೇಕು? ಒಂದು ಐದು ಟಿಪ್ಸ್ ಕೊಡಿ” ಎಂದಳು. ಕೊಟ್ಟೆ. ಹೇಳಿದ ಸಮಯಕ್ಕೆ ಹೋಗಿ, ಒಂದು ಜೊತೆ ತಂತಿ ಹೆಚ್ಚಿಗೆ ಇಟ್ಟುಕೊಳ್ಳಿ, ಎಲ್ಲರ ಹತ್ತಿರ ನಗುನಗುತ್ತಾ ಇರಿ, ಕೇಳಿದ್ದನ್ನು ನುಡಿಸಿ, ಯಾವುದಕ್ಕೂ ಇಲ್ಲ ಎನ್ನಬೇಡಿ. ಚಪ್ಪಾಳೆ ಬಿತ್ತು. ಶಾಲು ಹೊದೆಸಿದರು.

ನಾನೀಗ ಇರುವ ಗಾಳಿಬೀಡಿನ ಬಸ್ಸು ಹತ್ತಿ ಕೂತ ಮೇಲೆ ನನಗೆ ಸಿಟ್ಟು ಬಂತು. ಆ ಶಾಲನ್ನು ಕಿಟಕಿಯಿಂದ ಆಚೆ ಎಸೆಯೋಣ ಅನ್ನಿಸುವಷ್ಟು ಬಂತು. ಆ ಮಕ್ಕಳ ಮೇಲಲ್ಲ, ನನ್ನ ಮೇಲೆ. ಯಾವುದಕ್ಕೂ ಇಲ್ಲ ಎನ್ನಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಿದೆ? ಇಲ್ಲ ಎನ್ನಲಾರದೆ ಹೋಗಿ, ನನ್ನನ್ನು ನಂಬಿದ ಒಬ್ಬ ಮನುಷ್ಯನ ಉಸಿರನ್ನೇ ಕದ್ದು ಇನ್ನೊಬ್ಬರ ಕೈಗೆ ಇಟ್ಟವನು ನಾನು. ಅವನ ಹೆಸರು ಮಾಚಣ್ಣ. ನಾಪೋಕ್ಲು ಕಡೆಯ ವಾಲಗದವನು. ಆ ಐದು ಟಿಪ್ಸುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಆ ಹುಡುಗಿ ಓದಿದರೆ ಸಾಕು.

ನನ್ನ ಊರು ಶನಿವಾರಸಂತೆಯ ಹತ್ತಿರ. ನಮ್ಮಪ್ಪ ಹಗಲು ಗದ್ದೆ, ಸೋಮವಾರ ಸಂಜೆ ಶಿವನ ಗುಡಿಯಲ್ಲಿ ಭಜನೆಯ ಹಾರ್ಮೋನಿಯಂ. ನಾನು ಪಿಟೀಲು ಕಲಿತು, ಮನೆಯಲ್ಲಿ ಬೈಸಿಕೊಂಡು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮಡಿಕೇರಿಗೆ ಬಂದೆ. ಅಲ್ಲಿ ಒಂದು ಬೇಕರಿಯ ಹಿಂದೆ ದಿನೇಶಣ್ಣನ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಈಗಿನವರು ಏನೇನೋ ಊಹಿಸಿಕೊಳ್ಳುತ್ತಾರೆ. ಎರಡು ಕೋಣೆ, ಗೋಡೆ ತುಂಬ ಅಂಟಿಸಿದ ಮೊಟ್ಟೆಯ ಟ್ರೇಗಳು, ಮೇಲೆ ತಗಡು. ಜೂನ್ ಬಂತೆಂದರೆ ತಗಡಿನ ಮೇಲೆ ಮಳೆಯದೇ ಕಚೇರಿ, ನಮಗೆ ಮೂರು ತಿಂಗಳು ರಜೆ. ಆ ಮೂರು ತಿಂಗಳು ಪಿಟೀಲನ್ನು ಅಕ್ಕಿ ಡಬ್ಬದ ಪಕ್ಕ, ಒಲೆಯ ಶಾಖ ತಾಗುವ ಕಡೆ ಇಡಬೇಕು. ಇಲ್ಲವಾದರೆ ಅಂಟು ಬಿಟ್ಟು ಬೆನ್ನು ಬೇರೆ, ಹೊಟ್ಟೆ ಬೇರೆ. ಭಕ್ತಿಗೀತೆ, ಅರೆಭಾಷೆ ಹಾಡು, ಕೊಡವ ಹಾಡು, ಚುನಾವಣೆ ಹಾಡು, ಎಸ್ಟೇಟಿನ ಕ್ರಿಸ್‌ಮಸ್ ಹಾಡು ಎಲ್ಲವೂ ಆ ಎರಡು ಕೋಣೆಗಳಲ್ಲೇ ಹುಟ್ಟಿದವು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಫೋಟೋ, ನಿರ್ಮಾಪಕರ ಫೋಟೋ, ನಿರ್ಮಾಪಕರ ಮಗುವಿನ ಫೋಟೋ ಇರುತ್ತಿದ್ದವು. ನಮ್ಮದು ‘ಮತ್ತು ವಾದ್ಯವೃಂದ’. ಮೂವತ್ತು ವರ್ಷ ನನ್ನ ಹೆಸರು ‘ಮತ್ತು ವಾದ್ಯವೃಂದ’ ಎಂದೇ ಇತ್ತು.

ಅಲ್ಲಿ ನಮಗೆ ಹಿರಿಯರು ಪೀಟರ್ ಮೇಷ್ಟ್ರು. ಮಂಗಳೂರು ಕಡೆಯವರು. ಸ್ವರ ಹಾಕುವುದು, ಯಾರು ಎಲ್ಲಿ ನುಡಿಸಬೇಕೆಂದು ಬರೆದುಕೊಡುವುದು, ಬೈಯುವುದು ಮೂರೂ ಅವರದೇ ಕೆಲಸ. ನನ್ನ ಮೊದಲ ರೆಕಾರ್ಡಿಂಗ್ ದಿನ, ನಾನೇನು ಕಲಿತಿದ್ದೇನೆಂದು ಕೊಡಗಿಗೆಲ್ಲ ತೋರಿಸಬೇಕೆಂಬ ಹುಮ್ಮಸ್ಸು. ಗಾಯಕಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ನಾಲ್ಕು ಸಂಗತಿ ಹಾಕಿಬಿಡುತ್ತಿದ್ದೆ. ಮೇಷ್ಟ್ರು ಟೇಪು ನಿಲ್ಲಿಸಿದರು.

“ನಿಮ್ಮ ಬೆರಳಿಗೆ ಎಂತ ತುರಿಕೆಯಾ?”

“ಯಾಕೆ ಸರ್?”

“ಅವರು ಉಸಿರು ತೆಗೀಲಿಕ್ಕೆ ಬಿಟ್ಟ ಜಾಗ ಅದು. ಅಲ್ಲಿ ನೀವು ಹೋಗಿ ಮನೆ ಕಟ್ಟಿದ್ರೆ ಅವರು ಎಲ್ಲಿಗೆ ಹೋಗ್ಬೇಕು? ಕಾಗದ ನೋಡ್ಬೇಡಿ. ಅವರ ಕುತ್ತಿಗೆ ನೋಡಿ.”

ಗಾಯಕಿಯ ಎದುರಿಗೇ ಹೇಳಿದರು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆದರೆ ಅವತ್ತಿನಿಂದ ನಾನು ಹಾಡುವವರ ಕುತ್ತಿಗೆ ನೋಡಿಯೇ ಬಿಲ್ಲು ಎಳೆದದ್ದು. ಉಸಿರು ಮೊದಲು ಕಾಣುವುದು ಅಲ್ಲಿ. ಈ ಕಸುಬಿನಲ್ಲಿ ನಾನು ಕಲಿತ ನಿಜವಾದ ಪಾಠ ಅದೊಂದೇ. ಉಳಿದದ್ದೆಲ್ಲ ಬಸ್ ಟೈಮು ನೋಡಿಕೊಂಡು ಹೋಗಿಬರುವುದು.

ಆಗ ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು. ತಬಲಾದವನು ಕೆಮ್ಮಿದರೆ ಎಲ್ಲರೂ ಮೊದಲಿನಿಂದ. ಒಂದು ಸಲ ಒಂದು ದೇವರ ಹಾಡಿಗೆ ಹದಿನಾರು ಸಲ ಮೊದಲಿನಿಂದ ಆಯಿತು. ಹದಿನೇಳನೆಯದು ಬಂಗಾರದಂತೆ ಬರುತ್ತಿತ್ತು. ಮೂರನೆಯ ಚರಣದ ಕೊನೆಗೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು, ನಿಲ್ಲಿಸಲಿಲ್ಲ. ಇನ್ನೊಂದು ಸಲ ಹಾಡಿಸಿದರೆ ಗಾಯಕರು ಮನೆಗೆ ಹೋಗಿಬಿಡುತ್ತಿದ್ದರು. ಆ ಕ್ಯಾಸೆಟ್ಟು ಹೊರಗೆ ಬಂದ ಮೇಲೆ ಒಬ್ಬ ಭಕ್ತರು ಸ್ಟುಡಿಯೋಗೇ ಬಂದು, “ಆ ಕೊನೆಗೆ ಶಂಖ ಊದ್ಸಿದ್ದೀರಲ್ಲ, ಮೈ ಜುಂ ಅಂತು” ಎಂದು ಕೈ ಮುಗಿದರು. ಇವತ್ತಿಗೂ ಆ ಹಾಡು ಕೆಲವು ಗುಡಿಗಳಲ್ಲಿ ಬೆಳಗ್ಗೆ ಕೇಳುತ್ತದೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಆ ಕುಕ್ಕರ್ ಕೂಗಿದರೆ ಭಕ್ತಿಯ ಬದಲು ಬೇಳೆ ನೆನಪಾಗುತ್ತದೆ.

ಆಮೇಲೆ ಕಂಪ್ಯೂಟರ್ ಬಂತು. ಒಟ್ಟಿಗೆ ಕೂರುವುದು ಹೋಯಿತು. ಒಬ್ಬೊಬ್ಬರೇ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಟಿಕ್ ಟಿಕ್ ಎನ್ನುವ ಲೆಕ್ಕಕ್ಕೆ ನಮ್ಮ ಭಾಗ ನುಡಿಸಿ ಎದ್ದು ಬರುವುದು. ಯಾರ ಹಾಡು, ಯಾರು ಹಾಡುತ್ತಾರೆ, ಒಂದೂ ಗೊತ್ತಿರುತ್ತಿರಲಿಲ್ಲ. ನೋಡುವುದಕ್ಕೆ ಕುತ್ತಿಗೆಯೇ ಇಲ್ಲ. ಪೀಟರ್ ಮೇಷ್ಟ್ರು ಎರಡು ತಿಂಗಳು ನೋಡಿದರು. “ಇದು ಅಡುಗೆ ಅಲ್ಲ ಮಾರಾಯ್ರೇ, ಡಬ್ಬಕ್ಕೆ ತುಂಬಿಸುವ ಕೆಲಸ” ಎಂದು ಹೇಳಿ ಊರಿಗೆ ಹೋದರು. ಮತ್ತೆ ಬರಲಿಲ್ಲ. ಅವರ ಜಾಗಕ್ಕೆ ಪ್ರವೀಣ ಬಂದ. ಕೀಬೋರ್ಡಿನವನು, ಕೈ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ನಾನು ಹೊಂದಿಕೊಂಡೆ. ಹೊಂದಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅದನ್ನೇ ಆಗ ನಾನು ದೊಡ್ಡ ಗುಣ ಎಂದುಕೊಂಡಿದ್ದೆ.

ಇಲ್ಲಿ ಮಾಚಣ್ಣ ಬರುತ್ತಾನೆ. ಕೊಡಗಿನ ಹೊರಗಿನವರಿಗೆ ಎರಡು ಮಾತು ಹೇಳಬೇಕು. ಕೊಡವರ ಮದುವೆಯಲ್ಲಿ ವಾಲಗ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಊದುವವನೊಬ್ಬ, ಬಡಿಯುವವರು ಇಬ್ಬರು ಮೂವರು. ಮದುವೆಯ ಕೊನೆಗೆ ಗಂಗಾಪೂಜೆ ಎಂದು ಒಂದು ಶಾಸ್ತ್ರವಿದೆ. ಮದುಮಗಳು ಬಾವಿಯಿಂದ ನೀರು ಸೇದಿ, ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತು ಮನೆಯೊಳಗೆ ಹೋಗಬೇಕು. ಗಂಡಿನ ಕಡೆಯ ನೆಂಟರು ಅವಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವಳು ಎರಡು ಹೆಜ್ಜೆ ಮುಂದೆ ಬಂದರೆ ಇವರು ಕುಣಿಯುತ್ತಾ ಒಂದು ಹೆಜ್ಜೆ ಹಿಂದೆ. ತಮಾಷೆ ಅದು, ಪ್ರೀತಿಯೂ ಹೌದು, ಅವಳ ತಾಳ್ಮೆಯ ಪರೀಕ್ಷೆಯೂ ಹೌದು. ಒಂದು ಗಂಟೆಯಾದರೂ ಆಗಬಹುದು, ಎರಡೂ ಆಗಬಹುದು.

ಎಷ್ಟು ಹೊತ್ತು ಎನ್ನುವುದು ಯಾರ ಕೈಯಲ್ಲಿ? ಹಿರಿಯರ ಕೈಯಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಮಾಚಣ್ಣ ಊದಿದ ಮದುವೆಗಳಲ್ಲಿ ಅದು ಮಾಚಣ್ಣನ ಕೈಯಲ್ಲಿತ್ತು. ಕುಣಿಯುವವರನ್ನು ಅವನು ನೋಡುತ್ತಲೇ ಇರಲಿಲ್ಲ. ಮದುಮಗಳ ಕುತ್ತಿಗೆ ನೋಡುತ್ತಿದ್ದ. ಕುತ್ತಿಗೆಯ ನರ ಎದ್ದಿತೋ, ಅವನ ಊದು ಬದಲಾಗುತ್ತಿತ್ತು. ಕೊನೆಗೆ ಒಂದು ವರಸೆ ಇತ್ತು, ಕೆಳಗಿನಿಂದ ಎದ್ದು ಮೇಲೆ ಹೋಗಿ ಥಟ್ಟನೆ ನಿಲ್ಲುವಂಥದ್ದು. ದಾರಿ ಬಿಡಿಸುವ ವರಸೆ ಎಂದು ಅವನು ಹೇಳುತ್ತಿದ್ದ. ಅದು ಕೇಳಿದರೆ ಎಂಥ ಕುಡುಕನೂ ಪಕ್ಕಕ್ಕೆ ಸರಿಯುತ್ತಿದ್ದ. ಪೀಟರ್ ಮೇಷ್ಟ್ರು ನನಗೆ ಬೈದು ಕಲಿಸಿದ್ದನ್ನು ಇವನಿಗೆ ಇವನ ಅಪ್ಪ ಅಂಗಳದಲ್ಲಿ ಕಲಿಸಿದ್ದ. ಇಷ್ಟು ದೊಡ್ಡ ಕಸುಬುದಾರ ಊಟಕ್ಕೆ ಕೂರುತ್ತಿದ್ದದ್ದು ಮಾತ್ರ ಕೊನೆಯ ಪಂಕ್ತಿಯಲ್ಲಿ, ಅದೂ ಚಪ್ಪರದ ಹೊರಗೆ. ಈ ಮಾತು ಬರೆಯುವಾಗಲೂ ಮೈ ಉರಿಯುತ್ತದೆ. ಆಗ ಉರಿಯುತ್ತಿರಲಿಲ್ಲ, ಅದನ್ನೂ ಬರೆಯಬೇಕು. ನಾನು ಒಳಗಿನ ಪಂಕ್ತಿಯಲ್ಲಿ ಕೂತು ಉಂಡವನೇ.

ದಿನೇಶಣ್ಣನಿಗೆ ಮದುವೆ ವಾಲಗದ ಒಂದು ಸಿ.ಡಿ. ಮಾಡುವ ಯೋಚನೆ ಬಂತು. ಮದುವೆಗಳಲ್ಲಿ ಪರಿಚಯವಿದ್ದ ಮಾಚಣ್ಣನನ್ನು ಕರೆತರುವ ಕೆಲಸ ನನ್ನದು. ನಾಪೋಕ್ಲಿಗೆ ಹೋಗಿ ಕೇಳಿದೆ. ನೀನು ಇರ್ತೀಯಾ ಎಂದು ಕೇಳಿದ. ಇರುತ್ತೇನೆ ಎಂದೆ. ಹಾಗಾದರೆ ಬರುತ್ತೇನೆ ಎಂದ. ತಮ್ಮನನ್ನು ಬಡಿಯುವುದಕ್ಕೆ ಕರೆದುಕೊಂಡು ಬಂದ. ಒಗೆದು ಮಡಿಸಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಸ್ಟುಡಿಯೋ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟ. ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಕೇಳಿಸಿದೆವು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದ.

“ಇದ್ ಎಂತ ಮಾರಾಯ? ಯಾರ್ ನಡೆಯೋದು?”

“ಯಾರೂ ನಡೀತಿಲ್ಲ ಮಾಚಣ್ಣ. ಅದು ಮಿಷನ್ನು.”

“ಯಾರೂ ನಡೆಯೋದಿಲ್ಲಾಂದ್ರೆ ನಾನ್ ಯಾರಿಗೆ ಊದೋದು?”

ಪ್ರವೀಣ ಗಾಜಿನ ಆಚೆ ನಕ್ಕ. ಮೂರು ಸಲ ಪ್ರಯತ್ನ ಮಾಡಿದ ಮಾಚಣ್ಣ. ಬರಲಿಲ್ಲ. ಸಣ್ಣ ಮಗುವಿನ ಪೀಪಿಯಂತೆ ಬಂತು. ಅವನ ಮುಖ ಸಣ್ಣದಾಯಿತು. ಹೆಡ್‌ಫೋನ್ ತೆಗೆದಿಟ್ಟು ತಮ್ಮನಿಗೆ ಹೋಗೋಣ ಎಂದು ಸನ್ನೆ ಮಾಡಿದ. ನನಗೆ ಏನನ್ನಿಸಿತೋ, ಬೇಕರಿಗೆ ಹೋಗಿ ನೀರಿನ ಬಿಂದಿಗೆ ಕೇಳಿ ತಂದೆ. ಟವೆಲ್ಲು ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ಬರಿಗಾಲಲ್ಲಿ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದೆ.

“ನಾನ್ ನಡೀತೀನಿ. ನನಗೆ ಊದು.”

ಮಾಚಣ್ಣ ಬಿದ್ದು ಬಿದ್ದು ನಕ್ಕ. “ಮೀಸೆ ಇರೋ ಮದುಮಗಳು!” ಎಂದ. ಆಮೇಲೆ ನಗು ನಿಲ್ಲಿಸಿ ಊದಿದ. ಇಪ್ಪತ್ತು ನಿಮಿಷ. ನನ್ನ ಕುತ್ತಿಗೆ ಸೋಲುವ ಹೊತ್ತು ನನಗೆ ತಿಳಿಯುವ ಮೊದಲು ಅವನಿಗೆ ತಿಳಿದಿತ್ತು. ದಾರಿ ಬಿಡಿಸುವ ವರಸೆ ಬಂದಾಗ ನನ್ನ ಮೈಯೆಲ್ಲ ಹಗುರವಾಯಿತು. ನಾನು ಕೇಳಿದ ರೆಕಾರ್ಡಿಂಗ್‌ಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಕ್ಕಳೇ, ಇಲ್ಲಿಗೆ ನಿಂತಿದ್ದರೆ ಈ ಕಥನವನ್ನು ನಾನು ಎದೆಯುಬ್ಬಿಸಿ ಬರೆಯುತ್ತಿದ್ದೆ.

ಟೀ ಕುಡಿಯುವಾಗ ದಿನೇಶಣ್ಣ ನನ್ನನ್ನು ಪಕ್ಕಕ್ಕೆ ಕರೆದ. ಪ್ರವೀಣನಿಗೆ ಮಾಚಣ್ಣನ ಒಂದೊಂದೇ ಸ್ವರ ಬೇಕಿತ್ತು. ಬಿಡಿ ಬಿಡಿಯಾಗಿ ಊದಿಸಿ ಕೀಬೋರ್ಡಿಗೆ ತುಂಬಿಕೊಂಡರೆ ಮುಂದೆ ಬೆರಳಿಟ್ಟರೆ ಮಾಚಣ್ಣ. “ಅಂವನಿಗೆ ಅದೆಲ್ಲ ಹೇಳಿರೆ ಅರ್ಥ ಆದುಲ್ಲೆ. ನೀವು ಹೇಳಿರೆ ಊದುವ” ಎಂದ ದಿನೇಶಣ್ಣ ಅವನ ಅರೆಭಾಷೆಯಲ್ಲಿ. ನನಗೆ ಅರ್ಥವಾಗಿತ್ತು. ಅದರಿಂದ ಏನಾಗುತ್ತದೆ ಎಂಬುದೂ ಅರ್ಥವಾಗಿತ್ತು. ಗೊತ್ತಿರಲಿಲ್ಲ ಎಂದು ಹತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಮುಂದಿನ ವಾರ ದಿನೇಶಣ್ಣನ ಹತ್ತಿರ ಮೂರು ದಿನದ ಕೆಲಸ ಇತ್ತು. ಇಲ್ಲ ಎಂದರೆ ಆ ಕೆಲಸಕ್ಕೆ ಮೈಸೂರಿನ ಪಿಟೀಲಿನವನು ಬರುತ್ತಿದ್ದ. ಅಷ್ಟೇ ವಿಷಯ. ಹೊಟ್ಟೆಪಾಡು ಎಂದು ಅದಕ್ಕೆ ಹೆಸರಿಡಬಹುದು. ನನ್ನ ಹೊಟ್ಟೆ ಅವತ್ತು ಅಷ್ಟೇನೂ ಖಾಲಿ ಇರಲಿಲ್ಲ.

ಒಳಗೆ ಹೋಗಿ, “ಮಾಚಣ್ಣ, ಒಂದೊಂದೇ ಸ್ವರ ಊದು. ಶ್ರುತಿ ನೋಡ್ಬೇಕು” ಎಂದೆ.

“ಈಗ ಊದಿ ಆಯ್ತಲ್ಲ? ಆಮೇಲೆ ಎಂತ ಶ್ರುತಿ ನೋಡೋದು?”

“ಅದು ಇಲ್ಲಿನ ಕ್ರಮ.”

ಅವನು ನನ್ನ ಮುಖ ನೋಡಿದ. ನಾನು ಪಿಟೀಲಿನ ಬಿರಡೆ ತಿರುಗಿಸುತ್ತಾ ಕೂತೆ. ಅವನು ಊದಿದ. ಒಂದು ಸ್ವರ, ನಿಲುಗಡೆ. ಇನ್ನೊಂದು ಸ್ವರ, ನಿಲುಗಡೆ. ಜೋರಾಗಿ ಒಂದು, ಮೆಲ್ಲಗೆ ಒಂದು. ಮೇಲಿನ ಒಂದು ಸ್ವರದಲ್ಲಿ ಅವನ ವಾದ್ಯದ ಬಾಯಿಗೆ ಸಿಕ್ಕಿಸಿದ ಪೀಪಿ ಸ್ವಲ್ಪ ಸೀಳಿ ‘ಸ್ಸ್’ ಎಂದಿತು. ಇನ್ನೊಮ್ಮೆ ಊದ್ತೀನಿ ಎಂದ. ಬೇಡ, ಸಾಕು ಎಂದ ಪ್ರವೀಣ. ಅರ್ಧ ಗಂಟೆಯಲ್ಲಿ ಮುಗಿಯಿತು. ಹೋಗುವಾಗ ಮಾಚಣ್ಣ ನನ್ನ ಹೆಗಲಿಗೆ ಕೈ ಹಾಕಿ, ಬಿಂದಿಗೆ ನೆನಪು ಮಾಡಿಕೊಂಡು ಮತ್ತೊಮ್ಮೆ ನಕ್ಕ.

ಸಿ.ಡಿ. ಮಾರಾಟವಾಗಲೇ ಇಲ್ಲ. ಮಾರಾಟವಾದದ್ದು ಬಿಡಿ ಸ್ವರ. ಎರಡು ಮೂರು ವರ್ಷಗಳಲ್ಲಿ ವಿರಾಜಪೇಟೆಯಿಂದ ಕುಶಾಲನಗರದವರೆಗೆ ಕೀಬೋರ್ಡಿನವರ ಪೆಟ್ಟಿಗೆಗಳಲ್ಲೆಲ್ಲ ಮಾಚಣ್ಣ ಸೇರಿಕೊಂಡಿದ್ದ. ಒಬ್ಬ ಮನುಷ್ಯ, ಎರಡು ಸ್ಪೀಕರ್, ಊಟಕ್ಕೆ ಒಂದೇ ಎಲೆ, ಕುಡಿದು ಜಗಳವಿಲ್ಲ. ಮಂಟಪದವರಿಗೆ ಇನ್ನೇನು ಬೇಕು? ವಾಲಗದವರನ್ನು ಕರೆಯುವುದು ಶಾಸ್ತ್ರಕ್ಕಷ್ಟೇ ಆಯಿತು. ಬಾಗಿಲಲ್ಲಿ ಒಂದು ಸಲ ಊದಿ, ಎಲೆ ಅಡಿಕೆ ಇಸಿದುಕೊಂಡು ಪಕ್ಕಕ್ಕೆ ನಿಲ್ಲಿ ಎನ್ನುವುದು. ಮಾಚಣ್ಣನ ತಮ್ಮ ಬಡಿಯುವುದು ಬಿಟ್ಟು ಎಸ್ಟೇಟಿನ ಕಾಫಿ ಪಿಕಿಂಗ್‌ಗೆ ಸೇರಿದ. ಮಾಚಣ್ಣ ಬುಟ್ಟಿ ಹೆಣೆದುಕೊಂಡು, ಕರೆದಾಗ ಹೋಗಿ ಊದಿಕೊಂಡು ಇದ್ದ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಕಾಲ ಬದಲಾಯಿತು ಎಂದು ನಾನೂ ತಲೆ ಅಲ್ಲಾಡಿಸುತ್ತಿದ್ದೆ. ಬೆಣ್ಣೆ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಕಾಲದ ಬಾಯಿಗೆ ಒರೆಸುವುದು ಇನ್ನೂ ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ನಾಲ್ಕು ವರ್ಷದ ಹಿಂದೆ, ಬಾಳೆಲೆ ಎಂಬ ಊರಿನ ಹತ್ತಿರ ಒಂದು ಮದುವೆ. ಊಟದ ಹೊತ್ತಿಗೆ ಮೆಲ್ಲಗೆ ಪಿಟೀಲು ನುಡಿಸಲು ನನ್ನನ್ನು ಕರೆದಿದ್ದರು. ಉಳಿದದ್ದಕ್ಕೆಲ್ಲ ಪ್ರವೀಣನ ಕೀಬೋರ್ಡು. ಗಂಡಿನ ಮನೆಯವರಿಗೆ ಅಜ್ಜನ ಕಾಲದಿಂದ ಮಾಚಣ್ಣನ ಮನೆಯವರದೇ ವಾಲಗ, ಹಾಗಾಗಿ ಶಾಸ್ತ್ರಕ್ಕೆಂದು ಅವನೂ ಬಂದಿದ್ದ. ಅದೇ ಬಿಳಿ ಅಂಗಿ, ಕಾಲರ್ ಹರಿದಿತ್ತು. ಬಾಗಿಲಲ್ಲಿ ಊದಿ ಅಂಗಳದ ಮೂಲೆಗೆ ಹೋಗಿ ನಿಂತ. ನಾನು ದೂರದಿಂದಲೇ ತಲೆ ಬಾಗಿಸಿದೆ, ಹತ್ತಿರ ಹೋಗಲಿಲ್ಲ.

ಸಂಜೆ ಬೆಳಕಿರುವಾಗಲೇ ಗಂಗಾಪೂಜೆ ಶುರುವಾಯಿತು. ತೆಳ್ಳನೆಯ ಹುಡುಗಿ, ಕೆಂಪು ಸೀರೆ, ತಲೆಯ ಮೇಲೆ ತುಂಬಿದ ಬಿಂದಿಗೆ. ಪ್ರವೀಣ ಕುಣಿಯುವ ವರಸೆಯನ್ನು ಬೆರಳಿಂದ ಹತ್ತು ನಿಮಿಷ ನುಡಿಸಿ, ಅದೇ ಸುತ್ತಿ ಸುತ್ತಿ ಬರುವ ಹಾಗೆ ಪೆಟ್ಟಿಗೆಗೆ ಒಪ್ಪಿಸಿ, ಫೋನ್ ಹಿಡಿದುಕೊಂಡು ಚಪ್ಪರದ ಆಚೆ ಹೋದ. ಜನ ಕುಣಿದರು. ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಮುಕ್ಕಾಲು ಗಂಟೆಗೆ ಹುಡುಗಿಯ ಕುತ್ತಿಗೆಯ ನರ ಎದ್ದಿತು. ನಾನು ನೋಡಿದೆ. ವಾಲಗ ಬದಲಾಗಲಿಲ್ಲ. ಒಂದು ಗಂಟೆ. ಅವಳ ತುಟಿ ಬಿಳಿಚಿಕೊಂಡಿತು, ಬಿಂದಿಗೆ ಹಿಡಿದ ಕೈ ನಡುಗಿ ನೀರು ಹೆಗಲ ಮೇಲೆ ಚೆಲ್ಲಿತು. ಪಕ್ಕದಲ್ಲಿದ್ದ ಹೆಂಗಸು ಅವಳ ಬೆನ್ನು ಹಿಡಿದುಕೊಂಡು ಬಿಡಿ ಬಿಡಿ ಎಂದು ಕೂಗಿದರೆ ಅದೂ ತಮಾಷೆಯೆಂದು ಕುಣಿಯುವವರು ಶಿಳ್ಳೆ ಹೊಡೆದರು. ಒಬ್ಬ ಹಿರಿಯರು ಕೈ ಎತ್ತಿದರು. ಅವರ ಕೈಯನ್ನು ಯಾರು ನೋಡಬೇಕು? ಪೆಟ್ಟಿಗೆಗೆ ಕಣ್ಣಿದೆಯೇ? ವಾಲಗ ನಿಂತಿಲ್ಲ ಎಂದರೆ ಕುಣಿತವೂ ನಿಲ್ಲಬಾರದು, ಅವರ ಕಾಲು ಕಲಿತದ್ದೇ ಹಾಗೆ.

ನಾನು ಕೀಬೋರ್ಡಿನಿಂದ ಐದು ಮಾರು ದೂರದಲ್ಲಿದ್ದೆ. ವೈರು ಕಿತ್ತಿದ್ದರೆ ಸಾಕಿತ್ತು. ಇನ್ನೊಬ್ಬರ ವಾದ್ಯ ಮುಟ್ಟಬಾರದು ಎನ್ನುವುದು ನಮ್ಮ ಕಸುಬಿನ ಶಿಸ್ತು. ಆ ಶಿಸ್ತಿಗೆ ಬೆಂಕಿ ಬೀಳಲಿ! ಪಿಟೀಲು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

ಅಷ್ಟರಲ್ಲಿ ಮಾಚಣ್ಣ ಮೂಲೆಯಿಂದ ಬಂದು ನನ್ನ ಪಕ್ಕ ನಿಂತ. ಅವನು ಹುಡುಗಿಯನ್ನು ನೋಡುತ್ತಿದ್ದ, ಕಿವಿ ಸ್ಪೀಕರಿನ ಕಡೆಗಿತ್ತು. ಮೇಲಿನ ಸ್ವರ ಬಂದಾಗೆಲ್ಲ ‘ಸ್ಸ್’ ಎನ್ನುತ್ತಿತ್ತು. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ‘ಸ್ಸ್’.

“ಇದ್ ನನ್ನ ಪೀಪಿ ಅಲ್ವಾ?” ಎಂದ.

ನಾನು ಪಿಟೀಲಿನ ಬಿರಡೆಗೆ ಕೈ ಹಾಕಿದೆ. ಅವನು ಉತ್ತರಕ್ಕೆ ಕಾಯಲಿಲ್ಲ. ವಾದ್ಯವನ್ನು ಬಾಯಿಗಿಟ್ಟು, ಆ ದೊಡ್ಡ ಸ್ಪೀಕರುಗಳ ಸದ್ದಿನ ಮೇಲೆ, ಒಬ್ಬನೇ, ದಾರಿ ಬಿಡಿಸುವ ವರಸೆ ಊದಿದ. ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಮುಂದಿದ್ದ ಇಬ್ಬರು ಮುದುಕರು ಕುಣಿಯುವುದನ್ನು ನಿಲ್ಲಿಸಿದರು. ಮೂರನೆಯ ಸಲ ಜನ ಎರಡು ಭಾಗವಾಗಿ ಸರಿದರು. ಹುಡುಗಿ ಬಿಂದಿಗೆ ಹೊತ್ತು ಒಳಗೆ ಹೋದಳು. ಹೊಸ್ತಿಲು ದಾಟಿ ಬಿಂದಿಗೆ ಇಳಿಸಿ ಅಲ್ಲೇ ಕುಸಿದು ಕೂತಳಂತೆ. ಅಂಗಳದಲ್ಲಿ ನಡೆಯುವವರು ಯಾರೂ ಇರಲಿಲ್ಲ. ಪೆಟ್ಟಿಗೆ ಮಾತ್ರ ಊದುತ್ತಲೇ ಇತ್ತು.

ಮಾಚಣ್ಣ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದ. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಶ್ರುತಿ ನೋಡಿ ಆಯ್ತಾ?” ಎಂದ.

ಅಷ್ಟು ಕೇಳಿ ನಾಪೋಕ್ಲಿನ ಬಸ್ಸಿಗೆ ಹೊರಟುಹೋದ.

ನಾನು ಮರುದಿನವೇ ಸ್ಟುಡಿಯೋಗೆ ಹೋಗಿ ಕೂಗಾಡಿದೆ. ಬಿಡಿ ಸ್ವರಗಳನ್ನೆಲ್ಲ ಅಳಿಸಿ ಎಂದೆ. ದಿನೇಶಣ್ಣ, “ಅದ್ ಯಾವಾಗ್ಲೋ ಹೊರಗೆ ಹೋಗಿ ಆತ್. ಈಗ ನನ್ನ ಕೈಲಿ ಎಂತದೂ ಇಲ್ಲೆ” ಎಂದ. ಪ್ರವೀಣನ ಮೇಲೆ ಹಾರಿದೆ. ಅವನು ತಣ್ಣಗೆ, “ಊದ್ಸಿದ್ದು ನೀವೇ ಅಲ್ವಾ ಸರ್?” ಎಂದ. ಮಾತು ಸರಿಯಾಗಿತ್ತು. ಆ ದಿನದಿಂದ ನಾನು ಯಾರ ಹಾಡಿನ ಹಿಂದೆಯೂ ಕೂತಿಲ್ಲ. ನಿವೃತ್ತಿ ಎಂದು ಜನ ಗೌರವದಿಂದ ಹೇಳುವುದು ಇದಕ್ಕೇ. ಮಾಚಣ್ಣನ ಮನೆಗೆ ಮಾತ್ರ ಹೋಗಲಿಲ್ಲ. ನಾಲ್ಕು ವರ್ಷ ಹೋಗಲಿಲ್ಲ. ನಾಪೋಕ್ಲಿನ ಬಸ್ಸು ಕಂಡರೆ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದೆ.

ಇಲ್ಲಿಯವರೆಗೆ ಬರೆದು ಎರಡು ವಾರ ಸುಮ್ಮನಿದ್ದೆ. ಮಕ್ಕಳಿಗೆ ಬುದ್ಧಿ ಹೇಳಲು ಹೊರಟವನು ಮೊದಲು ಇದನ್ನು ಅವನಿಗೆ ಓದಿ ಹೇಳಬೇಕು ಅನ್ನಿಸಿತು. ಕಳೆದ ಭಾನುವಾರ ಹೋದೆ. ಮಾಚಣ್ಣ ಅಂಗಳದಲ್ಲಿ ಬಿದಿರು ಸೀಳುತ್ತಾ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾ ಎಂದ, ಕೂರು ಎನ್ನಲಿಲ್ಲ. ನಿಂತುಕೊಂಡೇ ಪೂರ್ತಿ ಓದಿದೆ. ಗೊತ್ತಿದ್ದೂ ಸುಳ್ಳು ಹೇಳಿದ್ದನ್ನು ಎರಡು ಸಲ ಓದಿದೆ. ಅವನು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಎದ್ದು ಒಳಗೆ ಹೋದ. ಬರುವಾಗ ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದರಲ್ಲಿ ವಾಲಗ. ಬಿಂದಿಗೆಯನ್ನು ನಲ್ಲಿಯ ಕೆಳಗೆ ಹಿಡಿದು ಕಂಠದವರೆಗೆ ತುಂಬಿಸಿದ.

“ನಡೆ” ಎಂದ.

ಟವೆಲ್ಲು ಸುತ್ತಿ ತಲೆಯ ಮೇಲಿಟ್ಟುಕೊಂಡು ನಡೆದೆ. ಅಂಗಳದ ಆ ತುದಿಯಿಂದ ಈ ತುದಿ. ಅವನು ಊದಿದ. ಉಸಿರು ಮೊದಲಿನಷ್ಟಿಲ್ಲ, ನಡುನಡುವೆ ನಿಲ್ಲಿಸಿ ಎಳೆದುಕೊಳ್ಳುತ್ತಿದ್ದ, ಆದರೂ ಊದಿದ. ಹತ್ತು ನಿಮಿಷ. ಕಾಲು ಗಂಟೆ. ನನಗೆ ಅರುವತ್ತು ದಾಟಿದೆ. ಕುತ್ತಿಗೆಯ ನರ ಎದ್ದದ್ದು ನನಗೇ ತಿಳಿಯಿತು. ಅವನ ಕಣ್ಣು ಅಲ್ಲೇ ಇತ್ತು. ದಾರಿ ಬಿಡಿಸುವ ವರಸೆ ಬರಲಿಲ್ಲ. ಕೈ ನಡುಗಿತು, ನೀರು ಹೆಗಲಿಗೆ ಚೆಲ್ಲಿತು. ಬರಲಿಲ್ಲ. ಅದೇ ಕುಣಿಯುವ ವರಸೆ, ಸುತ್ತಿ ಸುತ್ತಿ, ಪೆಟ್ಟಿಗೆ ಊದಿದ ಹಾಗೆಯೇ. ಇಳಿಸಿಬಿಡಬಹುದಿತ್ತು. ಇಳಿಸಲಿಲ್ಲ. ಬಾಳೆಲೆಯ ಆ ಹುಡುಗಿ ಇಳಿಸಿರಲಿಲ್ಲ. ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಅವನು ವಾದ್ಯವನ್ನು ಬಾಯಿಂದ ತೆಗೆದ.

“ನೋವಾಗ್ತದಾ?”

“ಆಗ್ತದೆ ಮಾಚಣ್ಣ.”

“ಹಾಂ. ಈಗ ಶ್ರುತಿ ನೋಡಿ ಆಯ್ತು” ಎಂದು ದಾರಿ ಬಿಡಿಸುವ ವರಸೆ ಊದಿದ.